ಬೆಂಕಿ ರೋಗ ತಡೆಯುವ ಭತ್ತ: ಯಾವ ಬಗೆಯ ತಡೆ ನಮ್ಮ ಗದ್ದೆಗೆ ಸರಿ?

ಮೇ ಕೊನೆಯ ವಾರ ಬಂತು ಅಂದರೆ ಬ್ರಹ್ಮಾವರದ ಕಡೆ ಇಬ್ಬರು ಕೃಷಿಕರು ಎದುರಾದಲ್ಲೆಲ್ಲ ಒಂದೇ ಮಾತು. ಏಣೇಲಿಗೆ, ಅಂದರೆ ಮಳೆಗಾಲದ ಮೊದಲ ಬೆಳೆಗೆ, ಯಾವ ಬೀಜ? ಹೆಚ್ಚಿನವರ ಉತ್ತರ ಎಂ.ಒ.4. ಕೆಲವರು ಜ್ಯೋತಿ ಅಂತಾರೆ, ಕೆಲವರು ಉಮಾ. ನೆರೆ ನಿಲ್ಲುವ ಗದ್ದೆಯವರು ಸಹ್ಯಾದ್ರಿ ಪಂಚಮುಖಿ ಅಂತಾರೆ. ಮನೆ ಊಟಕ್ಕೆ ಒಂದು ಗದ್ದೆಯಲ್ಲಿ ಕಜೆ ಉಳಿಸಿಕೊಂಡವರೂ ಇದ್ದಾರೆ. ಇಳುವರಿ ಎಷ್ಟು, ಎಷ್ಟು ದಿನದ ಬೆಳೆ, ಬೈಹುಲ್ಲು ಉದ್ದ ಬರುತ್ತಾ, ಮಳೆಗೆ ಅಡ್ಡ ಬೀಳುತ್ತಾ, ಗಂಜಿ ರುಚಿ ಆಗುತ್ತಾ, ಇಷ್ಟೆಲ್ಲ ವಿಚಾರಿಸಿಯೇ ನಾವು ಬೀಜ ತರುವುದು. ರೋಗದ ವಿಷಯಕ್ಕೆ ಬಂದಾಗ ಮಾತ್ರ "ಬೆಂಕಿ ರೋಗ ಬರುತ್ತಾ, ಬರಲ್ವಾ?" ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತೇವೆ.

ಆ ಪ್ರಶ್ನೆ ಸಾಲುವುದಿಲ್ಲ. ತಡೆಯುವ ಗುಣದಲ್ಲೇ ಮೂರು ನಾಲ್ಕು ಬಗೆ ಇದೆ. ಒಂದು ಬಗೆ ಮೊದಲ ವರ್ಷ ಕಲ್ಲಿನ ಹಾಗೆ ನಿಂತು ನಾಲ್ಕನೇ ವರ್ಷ ಒಮ್ಮೆಲೇ ಕುಸಿಯುತ್ತದೆ. ಇನ್ನೊಂದು ಬಗೆ ಮೊದಲ ದಿನದಿಂದಲೂ ಅರ್ಧಂಬರ್ಧ ಕಾಣುತ್ತದೆ, ಆದರೆ ಮೂವತ್ತು ವರ್ಷ ಹಾಗೇ ಇರುತ್ತದೆ. ಬೀಜದ ಚೀಲ ನೋಡಿದರೆ ಇದು ಗೊತ್ತಾಗುವುದಿಲ್ಲ.

ನನಗೆ ಇದರ ಬಿಸಿ ತಟ್ಟಿದ್ದು ಮೂರು ವರ್ಷದ ಹಿಂದೆ. ನಮ್ಮದು ಮಜಲು ಗದ್ದೆ, ಎತ್ತರದ ಬೆಟ್ಟಿಗೂ ತಗ್ಗಿನ ಬೈಲಿಗೂ ನಡುವಿನದ್ದು. ಅಂಗಡಿಯೊಂದರಲ್ಲಿ ಹೊಸ ತಳಿಯ ಬೀಜ ಕೊಟ್ಟು, ಇದಕ್ಕೆ ಬೆಂಕಿ ರೋಗ ಬರುವುದೇ ಇಲ್ಲ ಅಂದರು. ಆಟಿ ತಿಂಗಳು (ಜುಲೈ-ಆಗಸ್ಟ್) ಪೂರ್ತಿ ಎಲೆ ಮೇಲೆ ಒಂದು ಚುಕ್ಕೆ ಇರಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ಹುಣಿ (ಗದ್ದೆಯ ಬದು) ಮೇಲೆ ನಡೆದು ಬಂದು ಖುಷಿಯಲ್ಲಿ ಹೇಳುತ್ತಿದ್ದರು. ತೆನೆ ಹೊರಟ ಮೇಲೆ ಹತ್ತು ದಿನದಲ್ಲಿ ಗದ್ದೆ ಅಲ್ಲಲ್ಲಿ ಬೆಳ್ಳಗಾಯಿತು. ತೆನೆಯ ಕುತ್ತಿಗೆ ಕಪ್ಪಾಗಿ ಮುರಿದು ಜೋತು ಬಿದ್ದಿತ್ತು. ಒಳಗೆ ಬರೀ ಜೊಳ್ಳು. ಆ ವರ್ಷ ಆ ಗದ್ದೆಯಿಂದ ಬಂದದ್ದು ದನಕ್ಕೆ ಹುಲ್ಲು ಮಾತ್ರ. ಅಂಗಡಿಯವರು ಬೇಕೆಂದೇ ಸುಳ್ಳು ಹೇಳಿದರು ಅಂತ ನಾನು ಅಂದುಕೊಂಡಿಲ್ಲ. ಎಲೆಗೆ ಬರಲಿಲ್ಲವಲ್ಲ, ಅದು ನಿಜವೇ. ಎಲೆಯಲ್ಲಿ ತಡೆಯುವುದು ಬೇರೆ, ಕುತ್ತಿಗೆಯಲ್ಲಿ ತಡೆಯುವುದು ಬೇರೆ ಅಂತ ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಆಮೇಲೆ ಓದಿದೆ, ಕೇಳಿದೆ, ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ಬಂದೆ. ನನ್ನ ಹಾಗೆ ಬೀಜ ಆರಿಸಬೇಕಾದವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಶಿಲೀಂಧ್ರ ಏನು ಮಾಡುತ್ತದೆ ಅಂತ

ಬೆಂಕಿ ರೋಗ ತರುವ ಶಿಲೀಂಧ್ರದ ಹೆಸರು ಮ್ಯಾಗ್ನಪೋರ್ತೆ ಒರೈಜೆ. ಗಾಳಿಯಲ್ಲಿ ಹಾರಿ ಬಂದ ಬೀಜಾಣು ಒದ್ದೆ ಎಲೆಗೆ ಅಂಟಿಕೊಳ್ಳುತ್ತದೆ. ಮೊಳೆತು, ತುದಿಯಲ್ಲಿ ಗುಮ್ಮಟದ ಹಾಗೆ ಒಂದು ಸಣ್ಣ ಕೋಶ ಕಟ್ಟುತ್ತದೆ. ಆ ಕೋಶದ ಗೋಡೆಗೆ ಮೆಲನಿನ್ ಎಂಬ ಕಪ್ಪು ಬಣ್ಣ ಬಳಿದುಕೊಂಡು, ಒಳಗೆ ನೀರು ಎಳೆದುಕೊಂಡು ಉಬ್ಬುತ್ತದೆ. ಒಳಗಿನ ಒತ್ತಡ ಕಾರಿನ ಟಯರಿನಲ್ಲಿ ಇರುವುದಕ್ಕಿಂತ ಸುಮಾರು 40 ಪಟ್ಟು ಜಾಸ್ತಿ. ಆ ಒತ್ತಡದಲ್ಲೇ ಸೂಜಿಯಂಥ ಮೊಳೆಯನ್ನು ಎಲೆಯೊಳಕ್ಕೆ ತೂರಿಸುತ್ತದೆ. ನಾಲ್ಕೈದು ದಿನ ಕಳೆದರೆ ಎರಡೂ ತುದಿ ಚೂಪಾದ, ನಡುವೆ ಬೂದಿ ಬಣ್ಣ, ಅಂಚು ಕಂದು ಬಣ್ಣದ ಚುಕ್ಕೆ ಕಾಣುತ್ತದೆ. ಒಂದೊಂದು ಚುಕ್ಕೆಯಿಂದಲೂ ಸಾವಿರಾರು ಬೀಜಾಣು ಹಾರುತ್ತವೆ.

ಇದಕ್ಕೆ ಬೇಕಾದದ್ದು ಒದ್ದೆ ಎಲೆ, ತಂಪು ರಾತ್ರಿ, ಯೂರಿಯಾ ತಿಂದು ಕಡು ಹಸಿರಾದ ಮೆತ್ತಗಿನ ಗಿಡ. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಉಡುಪಿಯಲ್ಲಿ ಮೊದಲನೆಯದಕ್ಕೆ ಬರಗಾಲ ಇಲ್ಲ. ಮೂರನೆಯದು ಮಾತ್ರ ನಮ್ಮ ಕೈಯಲ್ಲಿದೆ.

ತೆನೆ ಬೆಳ್ಳಗಾದದ್ದೆಲ್ಲ ಬೆಂಕಿ ರೋಗ ಅಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಿಳಿ ತೆನೆಯನ್ನು ಹಿಡಿದು ಎಳೆಯಿರಿ. ಸಲೀಸಾಗಿ ಕಿತ್ತು ಬಂದರೆ, ಬುಡ ಕಚ್ಚಿ ತಿಂದ ಹಾಗಿದ್ದರೆ ಅದು ಕಾಂಡ ಕೊರೆಯುವ ಹುಳ. ಕಿತ್ತು ಬಾರದೆ, ಕುತ್ತಿಗೆ ಗಂಟಿನಲ್ಲಿ ಕಪ್ಪು ಕಂದು ಕಲೆ ಇದ್ದರೆ ಬೆಂಕಿ ರೋಗ. ತಪ್ಪು ರೋಗಕ್ಕೆ ತಳಿ ಬದಲಾಯಿಸಿ ಪ್ರಯೋಜನ ಇಲ್ಲ.

ಒಂದೇ ಜೀನಿನ ಗಟ್ಟಿ ತಡೆ

ನಮ್ಮ ಹಿತ್ತಿಲಿನ ನಾಯಿಯನ್ನು ನೆನಪು ಮಾಡಿಕೊಳ್ಳಿ. ಅದಕ್ಕೆ ಒಬ್ಬ ಕಳ್ಳನ ವಾಸನೆ ಚೆನ್ನಾಗಿ ಗೊತ್ತು ಅಂತ ಇಟ್ಟುಕೊಳ್ಳೋಣ. ಆ ಕಳ್ಳ ಪಾಗಾರ ಹತ್ತಿದ ಕೂಡಲೇ ಬೊಗಳಿ ಊರನ್ನೇ ಎಬ್ಬಿಸುತ್ತದೆ. ಆದರೆ ಬೇರೆ ವಾಸನೆಯವನು ಬಂದರೆ ಮಲಗಿಯೇ ಇರುತ್ತದೆ. ಗಟ್ಟಿ ತಡೆಯ ಜೀನುಗಳು ಬಹುತೇಕ ಹೀಗೇ ಕೆಲಸ ಮಾಡುತ್ತವೆ. ಗಿಡದ ಒಂದು ಜೀನು ಶಿಲೀಂಧ್ರದ ಒಂದು ಪ್ರೋಟೀನನ್ನು ಗುರುತು ಹಿಡಿಯುತ್ತದೆ. ಗುರುತು ಸಿಕ್ಕಿದ ತಕ್ಷಣ ಶಿಲೀಂಧ್ರ ಹೊಕ್ಕ ಜಾಗದ ಜೀವಕೋಶಗಳು ತಾವೇ ಸಾಯುತ್ತವೆ, ಶಿಲೀಂಧ್ರಕ್ಕೆ ಮುಂದೆ ಹೋಗಲು ದಾರಿ ಇಲ್ಲ. ಈ ಜೋಡಿ ಲೆಕ್ಕವನ್ನು ಮೊದಲು ತೋರಿಸಿದವರು ಅಮೆರಿಕದ ಹೆರಾಲ್ಡ್ ಫ್ಲೋರ್, 1940ರ ದಶಕದಲ್ಲಿ, ಅಗಸೆ ಗಿಡದ ತುಕ್ಕು ರೋಗದ ಮೇಲೆ ಕೆಲಸ ಮಾಡುತ್ತಾ.

ಭತ್ತದಲ್ಲಿ ಬೆಂಕಿ ರೋಗ ತಡೆಯುವ 100ಕ್ಕೂ ಹೆಚ್ಚು ಜೀನುಗಳನ್ನು ಗುರುತಿಸಿದ್ದಾರೆ. ಅದರಲ್ಲಿ ನಮ್ಮ ದೇಶದ ವಿಜ್ಞಾನಿಗಳು ಬಿಡಿಸಿ ತೋರಿಸಿದ್ದು ಪಿಐ-54. ವಿಯೆಟ್ನಾಮಿನ ಟೆಟೆಪ್ ಎಂಬ ಭತ್ತದಿಂದ ಬಂದದ್ದು. ಇರುವುದು 11ನೇ ವರ್ಣತಂತುವಿನಲ್ಲಿ. ಭತ್ತದ ಪೂರ್ತಿ ಜೀನೋಮ್ ಓದುವ ಅಂತರರಾಷ್ಟ್ರೀಯ ಕೆಲಸ 2005ರಲ್ಲಿ ಮುಗಿಯಿತಲ್ಲ, ಅದರಲ್ಲಿ ಭಾರತಕ್ಕೆ ಪಾಲು ಬಂದದ್ದೂ ಇದೇ 11ನೇ ವರ್ಣತಂತುವಿನಲ್ಲಿ. ಪಿಐ-9 ಅನ್ನುವುದು ಇನ್ನೊಂದು, ಅದು ಒರೈಜಾ ಮೈನ್ಯೂಟಾ ಎಂಬ ಕಾಡು ಭತ್ತದಿಂದ ತಂದದ್ದು. ಕಾಡಿನಲ್ಲಿ ಯಾರೂ ಔಷಧಿ ಹೊಡೆಯದೆ ಬದುಕಿದ ಹುಲ್ಲಿನಲ್ಲಿ ಎಂಥ ಸಂಪತ್ತು ಇರುತ್ತದೆ ನೋಡಿ.

ಈ ಬಗೆಯ ಒಳ್ಳೆಯ ಗುಣ ಏನೆಂದರೆ ಕಣ್ಣಿಗೆ ಕಾಣುತ್ತದೆ. ಗದ್ದೆ ಸ್ವಚ್ಛ. ಔಷಧಿ ಖರ್ಚಿಲ್ಲ. ತಳಿ ತಯಾರಿಸುವವರಿಗೂ ಸುಲಭ, ಒಂದು ಎಲೆ ಚೂರಿನ ಡಿಎನ್ಎ ನೋಡಿ ಜೀನು ಇದೆಯಾ ಇಲ್ವಾ ಹೇಳಬಹುದು.

ಕೆಟ್ಟದ್ದು ಏನೆಂದರೆ ಕಳ್ಳ ಅಂಗಿ ಬದಲಾಯಿಸುತ್ತಾನೆ. ಶಿಲೀಂಧ್ರ ಆ ಒಂದು ಪ್ರೋಟೀನನ್ನು ಸ್ವಲ್ಪ ತಿದ್ದಿಕೊಂಡರೆ, ಇಲ್ಲವೇ ಪೂರ್ತಿ ಬಿಟ್ಟುಬಿಟ್ಟರೆ ಸಾಕು. ಪಿಐ-ಟಾ ಎಂಬ ಜೀನನ್ನು ನಂಬಿ ಅಮೆರಿಕದ ಅರ್ಕಾನ್ಸಾಸಿನಲ್ಲಿ ಬ್ಯಾಂಕ್ಸ್ ಎಂಬ ತಳಿ ಬೆಳೆಸಿದರು. 2004ರಲ್ಲಿ ಅದಕ್ಕೆ ರೋಗ ಬಂತು. ಕೊರಿಯಾದ ತೊಂಗಿಲ್ ಭತ್ತ 1970ರ ದಶಕದಲ್ಲಿ ಆ ದೇಶಕ್ಕೆ ಹೊಟ್ಟೆ ತುಂಬ ಅನ್ನ ಕೊಟ್ಟಿತು. ಅದರ ತಡೆಯೂ ಆ ದಶಕ ಮುಗಿಯುವ ಮೊದಲೇ ಮುರಿಯಿತು. ಗೋಧಿಯಲ್ಲೂ ಇದೇ ಕಥೆ. ಎಸ್‌ಆರ್-31 ಎಂಬ ಒಂದು ಜೀನನ್ನು ಜಗತ್ತಿನ ಎಷ್ಟೋ ಗೋಧಿ ತಳಿಗಳಿಗೆ ಹಾಕಿದ್ದರು. 1998ರಲ್ಲಿ ಉಗಾಂಡಾದಲ್ಲಿ ಅದನ್ನು ದಾಟುವ ಕಾಂಡದ ತುಕ್ಕು ರೋಗ ಕಾಣಿಸಿತು. ಯುಜಿ-99 ಅಂತ ಕರೆಯುವುದು ಅದನ್ನೇ.

ಹಾಗಾಗಿ ಒಂದೇ ಜೀನಿನ ತಳಿ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಇಡೀ ಬೈಲಿಗೆ ಅದೊಂದನ್ನೇ ಹಾಕಿದರೆ ಕೆಟ್ಟದ್ದು. ನೀವೊಬ್ಬರೇ ಹಾಕಿದರೆ ಅಷ್ಟು ಬೇಗ ಮುರಿಯುವುದಿಲ್ಲ. ಹಾಕಿದವರು ಜಾಸ್ತಿ ಆದ ಹಾಗೆ ದಾಟಬಲ್ಲ ಶಿಲೀಂಧ್ರಕ್ಕೆ ಊಟ ಜಾಸ್ತಿ ಸಿಗುತ್ತದೆ.

ಎರಡು ಮೂರು ಜೀನು ಒಟ್ಟಿಗೆ

ಬೇರೆ ಬೇರೆ ವಾಸನೆ ಗೊತ್ತಿರುವ ಎರಡು ನಾಯಿ ಕಟ್ಟಿದ ಹಾಗೆ. ಕಳ್ಳ ಒಂದೇ ಸಲಕ್ಕೆ ಇಬ್ಬರಿಗೂ ತಪ್ಪಿಸಿಕೊಳ್ಳಬೇಕು. ಒಂದು ಬದಲಾವಣೆ ಸುಮ್ನೆ ಆಗಿಬಿಡಬಹುದು, ಎರಡು ಒಟ್ಟಿಗೆ ಆಗುವುದು ತುಂಬ ಅಪರೂಪ.

ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯವರು ಇದನ್ನು ಬಾಸುಮತಿಯಲ್ಲಿ ಚೆನ್ನಾಗಿ ಮಾಡಿದ್ದಾರೆ. ಮೊದಲು ಪೂಸಾ ಬಾಸುಮತಿ 1637ರಲ್ಲಿ ಪಿಐ-9 ಒಂದನ್ನೇ ಹಾಕಿದರು. ಆಮೇಲೆ 2021ರಲ್ಲಿ 1847, 1885, 1886 ಎಂಬ ಮೂರು ತಳಿ ಬಂದವು. ಅವುಗಳಲ್ಲಿ ಬೆಂಕಿ ರೋಗಕ್ಕೆ ಪಿಐ-2 ಮತ್ತು ಪಿಐ-54 ಎರಡೂ ಇವೆ, ಜೊತೆಗೆ ಎಲೆ ಒಣಗಿಸುವ ಬ್ಯಾಕ್ಟೀರಿಯಾ ರೋಗಕ್ಕೆ ಬೇರೆ ಎರಡು ಜೀನು. ಇದನ್ನು ಅಷ್ಟು ಮನಸ್ಸಿಟ್ಟು ಮಾಡಿದ್ದಕ್ಕೆ ಕಾರಣ ಇದೆ. ಟ್ರೈಸೈಕ್ಲಜೋಲ್ ಎಂಬ ಔಷಧಿಯ ಉಳಿಕೆ ಅಕ್ಕಿಯಲ್ಲಿ ಎಷ್ಟಿರಬಹುದು ಎಂಬ ಮಿತಿಯನ್ನು ಯುರೋಪ್ ಒಕ್ಕೂಟ 2017ರಲ್ಲಿ ಕಿಲೋಗೆ 1 ಮಿಲಿಗ್ರಾಮಿನಿಂದ 0.01 ಮಿಲಿಗ್ರಾಮಿಗೆ ಇಳಿಸಿತು. ಔಷಧಿ ಹೊಡೆದ ಬಾಸುಮತಿ ಅಲ್ಲಿ ಮಾರಾಟ ಆಗುವುದು ಕಷ್ಟವಾಯಿತು. ಔಷಧಿಯೇ ಬೇಡದ ತಳಿ ಬೇಕಾಯಿತು.

ನನಗೆ ಇದನ್ನು ಓದುವಾಗ ಹೊಟ್ಟೆಯಲ್ಲಿ ಸಂಕಟ ಆಯಿತು, ನಿಜವಾಗಿ ಹೇಳುತ್ತೇನೆ. ಯುರೋಪಿನವರ ತಟ್ಟೆಗೆ ಹೋಗುವ ಅಕ್ಕಿಗೆ ಇಷ್ಟು ಕೆಲಸ ನಡೆದಿದೆ. ನಾವು ಮೂರು ಹೊತ್ತು ಉಣ್ಣುವ ಕೆಂಪು ಕುಚ್ಚಲಕ್ಕಿಗೆ? ಬಾಸುಮತಿಯಲ್ಲಿ ಯಾರೂ ಗಂಜಿ ಬೇಯಿಸುವುದಿಲ್ಲ, ನಮ್ಮ ಮಳೆಗೆ ಆ ತಳಿಗಳು ಹೇಳಿ ಮಾಡಿಸಿದವೂ ಅಲ್ಲ. ಆದರೆ ದಾರಿ ಅದೇ. ನಮ್ಮ ತಳಿಯನ್ನು ಜೀನು ಇರುವ ತಳಿಯ ಜೊತೆ ಅಡ್ಡ ಹಾಯಿಸಿ, ಹುಟ್ಟಿದ ಗಿಡವನ್ನು ಮತ್ತೆ ಮತ್ತೆ ನಮ್ಮ ತಳಿಗೇ ಹಾಯಿಸಿ, ಪ್ರತಿ ಸಲ ಎಲೆಯ ಡಿಎನ್ಎ ನೋಡಿ ಜೀನು ಉಳಿದ ಗಿಡವನ್ನು ಮಾತ್ರ ಇಟ್ಟುಕೊಂಡರೆ, ಕೊನೆಗೆ ಬಣ್ಣ, ರುಚಿ, ಅವಧಿ ಎಲ್ಲ ನಮ್ಮದೇ ಆಗಿರುವ, ರೋಗ ತಡೆಯುವ ಭತ್ತ ಸಿಗುತ್ತದೆ. ಕೃಷಿ ಮೇಳದಲ್ಲಿ, ಕ್ಷೇತ್ರೋತ್ಸವದಲ್ಲಿ ಮೈಕ್ ನಮ್ಮ ಕೈಗೆ ಬಂದಾಗ ನಾವು ಕೇಳಬೇಕಾದದ್ದು ಇದನ್ನೇ.

ಒಂದು ಎಚ್ಚರಿಕೆ. ಎರಡು ಹೆಸರು ಇದ್ದ ಮಾತ್ರಕ್ಕೆ ಎರಡು ನಾಯಿ ಅಂತಲ್ಲ. ಪಿಐ-2 ಮತ್ತು ಪಿಐ-9 ಇರುವುದು 6ನೇ ವರ್ಣತಂತುವಿನ ಒಂದೇ ಜಾಗದಲ್ಲಿ. ಹಾಗಾಗಿ ಅವೆರಡನ್ನು ಒಂದೇ ತಳಿಯಲ್ಲಿ ಗಟ್ಟಿಯಾಗಿ ಕೂರಿಸುವುದು ಕಷ್ಟ. ಪಿಐ-54 ಬೇರೆ ವರ್ಣತಂತುವಿನದ್ದು, ಅದಕ್ಕೇ ಪಿಐ-2ರ ಜೊತೆ ಚೆನ್ನಾಗಿ ಹೊಂದುತ್ತದೆ. ಇನ್ನೊಂದು, ಬ್ಯಾಕ್ಟೀರಿಯಾ ರೋಗದ ಜೀನನ್ನು ಬೆಂಕಿ ರೋಗಕ್ಕೂ ಆಗುತ್ತದೆ ಅಂತ ಹೇಳಿ ಮಾರುವವರಿದ್ದಾರೆ. ಸುಧಾರಿತ ಸಾಂಬಾ ಮಸೂರಿ ಒಳ್ಳೆಯ ತಳಿ, 2008ರದ್ದು, ಅದರಲ್ಲಿ ಮೂರು ಜೀನು ಇವೆ. ಮೂರೂ ಬ್ಯಾಕ್ಟೀರಿಯಾಕ್ಕೆ. ಬೆಂಕಿ ರೋಗಕ್ಕೆ ಒಂದೂ ಇಲ್ಲ.

ನಿಧಾನದ ತಡೆ: ನನ್ನ ಮನಸ್ಸು ಹೆಚ್ಚು ವಾಲುವುದು ಈ ಕಡೆಗೆ

ಇದು ನಾಯಿ ಅಲ್ಲ, ಪಾಗಾರ. ಯಾರು ಬಂದರೂ ಅಡ್ಡ. ಪೂರ್ತಿ ನಿಲ್ಲಿಸುವುದಿಲ್ಲ, ಹತ್ತುವುದನ್ನು ತಡ ಮಾಡುತ್ತದೆ. ಗದ್ದೆಯಲ್ಲಿ ಚುಕ್ಕೆ ಕಾಣುತ್ತದೆ, ಆದರೆ ಚಿಕ್ಕದು, ಕಡಿಮೆ, ನಿಧಾನ. ರೋಗ ಏರುವಷ್ಟರಲ್ಲಿ ಬೆಳೆ ಕೊಯ್ಲಿಗೆ ಬಂದಿರುತ್ತದೆ.

ಇದರಲ್ಲಿ ಒಂದು ಕಥೆ ನಮಗೆ ತುಂಬ ಹತ್ತಿರದ್ದು. ಜಪಾನಿನಲ್ಲಿ ಬೆಟ್ಟು ಗದ್ದೆಯಲ್ಲಿ ಬೆಳೆಯುವ ಒವಾರಿಹತ ಎಂಬ ಹಳೆಯ ಭತ್ತ ಇದೆ. ಬೆಂಕಿ ರೋಗಕ್ಕೆ ಬಹಳ ಕಾಲದಿಂದ ತಡೆದು ನಿಂತಿದೆ. ಅದರ ತಡೆಯನ್ನು ಒಳ್ಳೆಯ ಅಕ್ಕಿಯ ತಳಿಗೆ ತರಲು ಹೋದಾಗೆಲ್ಲ ಅನ್ನದ ರುಚಿ ಕೆಡುತ್ತಿತ್ತು. ರೋಗ ತಡೆಯುವ ಗುಣಕ್ಕೂ ರುಚಿಗೂ ಆಗಿಬರುವುದಿಲ್ಲ ಅಂತಲೇ ಎಲ್ಲರೂ ಅಂದುಕೊಂಡಿದ್ದರು. 2009ರಲ್ಲಿ ಜಪಾನಿನ ವಿಜ್ಞಾನಿಗಳು ಪಿಐ-21 ಎಂಬ ಜೀನನ್ನು ಬಿಡಿಸಿ ನೋಡಿದರು. ರುಚಿ ಕೆಡಿಸುತ್ತಿದ್ದದ್ದು ಆ ಜೀನೇ ಅಲ್ಲ, ಅದರ ಪಕ್ಕದಲ್ಲೇ ಅಂಟಿಕೊಂಡಿದ್ದ ಇನ್ನೊಂದು. ಎರಡರ ನಡುವೆ ಡಿಎನ್ಎಯ ಎರಡೂವರೆ ಸಾವಿರ ಅಕ್ಷರದಷ್ಟೂ ಅಂತರ ಇರಲಿಲ್ಲ. ಸಾವಿರಾರು ಸಸಿಗಳಲ್ಲಿ ಹುಡುಕಿ, ಆ ಎರಡು ಬೇರೆಯಾದ ಒಂದು ಗಿಡ ಹಿಡಿದರು. ರೋಗವೂ ತಡೆಯಿತು, ಅನ್ನವೂ ರುಚಿ. ಹಳೆಯ ತಳಿಯ ರುಚಿ ಹೋಗುತ್ತದೆ ಅಂತ ಹೊಸದನ್ನು ದೂರ ಇಡುವ ನಮ್ಮ ಅಮ್ಮಂದಿರಿಗೆ ಈ ಕಥೆ ಹೇಳಬೇಕು ಅನ್ನಿಸುತ್ತದೆ. ಅವರ ಹೆದರಿಕೆ ಸುಳ್ಳಲ್ಲ, ಅದಕ್ಕೆ ಮದ್ದೂ ಇದೆ.

ಪಿಐ-21ರಲ್ಲಿ ಇನ್ನೊಂದು ವಿಶೇಷ. ಸಾಮಾನ್ಯ ಭತ್ತದಲ್ಲಿ ಈ ಜೀನು ಗಿಡದ ರಕ್ಷಣೆಯನ್ನು ತಡ ಮಾಡುತ್ತದೆ. ಒವಾರಿಹತದಲ್ಲಿ ಅದರ ಚೂರು ಕಳೆದುಹೋಗಿ ಅದು ಕೆಲಸ ಮಾಡುವುದಿಲ್ಲ, ಅದಕ್ಕೇ ಗಿಡ ಚುರುಕಾಗಿ ಎದುರಿಸುತ್ತದೆ. ಬಾರ್ಲಿಯಲ್ಲೂ ಎಂಎಲ್‌ಒ ಎಂಬ ಜೀನು ಕೆಟ್ಟಾಗ ಬೂದಿ ರೋಗ ಬರುವುದಿಲ್ಲ. ಇಥಿಯೋಪಿಯಾದ ಹಳೆಯ ಬಾರ್ಲಿಯಲ್ಲಿ ಸಿಕ್ಕ ಈ ಗುಣವನ್ನು ಯುರೋಪಿನ ರೈತರು 1979ರಿಂದ ಬಳಸುತ್ತಿದ್ದಾರೆ, ಇನ್ನೂ ಮುರಿದಿಲ್ಲ. ಆದರೆ ಅದೇ ಬಾರ್ಲಿಗೆ ಬೆಂಕಿ ರೋಗದ ಶಿಲೀಂಧ್ರ ತಗುಲಿಸಿ ನೋಡಿದಾಗ ರೋಗ ಜಾಸ್ತಿಯೇ ಆಯಿತು. ಒಂದು ರೋಗಕ್ಕೆ ಬಾಗಿಲು ಹಾಕಿದ್ದು ಇನ್ನೊಂದಕ್ಕೆ ತೆರೆದ ಹಾಗಾಯಿತು. ಅದಕ್ಕೇ ಯಾವ ತಳಿಯನ್ನೂ ಅದು ಬೆಳೆಯುವ ಊರಿನಲ್ಲೇ ಪರೀಕ್ಷೆ ಮಾಡಬೇಕು.

ಗೋಧಿಯ ಎಲ್‌ಆರ್-34 ಎಂಬ ಜೀನು ಕೂಡ ನಿಧಾನದ ತಡೆಯ ಜಾತಿಯದ್ದೇ. ಎಲೆಯ ತುಕ್ಕು, ಹಳದಿ ತುಕ್ಕು, ಬೂದಿ ರೋಗ ಮೂರನ್ನೂ ಸ್ವಲ್ಪ ಸ್ವಲ್ಪ ತಡೆಯುತ್ತದೆ. 50ಕ್ಕೂ ಹೆಚ್ಚು ವರ್ಷದಿಂದ ನಿಂತಿದೆ.

ನನಗೆ ಪೆಟ್ಟು ಕೊಟ್ಟ ಕುತ್ತಿಗೆ ರೋಗಕ್ಕೆ ಬೇರೆಯೇ ಜೀನು ಇದೆ. ಪಿಬಿ-1 ಅಂತ. ಮೋದನ್ ಎಂಬ ಇಂಡಿಕಾ ತಳಿಯಿಂದ ಜಪಾನಿನ ಭತ್ತಕ್ಕೆ ಹೋದದ್ದು. ಸಸಿ ಚಿಕ್ಕದಿರುವಾಗ ಇದು ಹೆಚ್ಚು ಕೆಲಸ ಮಾಡುವುದಿಲ್ಲ, ಗಿಡ ಬಲಿತ ಹಾಗೆ ಬಲ ಬರುತ್ತದೆ, ತೆನೆ ಹೊರಡುವಾಗ ಚೆನ್ನಾಗಿ ಕಾಯುತ್ತದೆ. ನೇಜಿ ಹಂತದಲ್ಲಿ ಮಾತ್ರ ನೋಡಿ ಅಂಕ ಕೊಟ್ಟರೆ ಇಂಥ ತಳಿ ನಪಾಸಾಗುತ್ತದೆ, ನಾನು ತಂದ ಹಾಗಿನ ತಳಿ ಪಾಸಾಗುತ್ತದೆ.

ನಿಧಾನದ ತಡೆಯ ಕಷ್ಟ ಇಷ್ಟೇ, ನೋಡಲು ಧೈರ್ಯ ಬೇಕು. ಚುಕ್ಕೆ ಕಂಡ ಕೂಡಲೇ ಪಂಪು ಹೆಗಲಿಗೆ ಹಾಕುವವರಿಗೆ ಇದು ಒಗ್ಗುವುದಿಲ್ಲ. ತಳಿ ತಯಾರಿಸುವವರಿಗೂ ಕಷ್ಟ, ಎಷ್ಟೋ ಸಣ್ಣ ಸಣ್ಣ ಜೀನುಗಳನ್ನು ಒಟ್ಟಿಗೆ ಹಿಡಿದಿಡಬೇಕು.

ಬೇರೆ ಬೇರೆ ತಳಿ ಬೆರೆಸುವುದು

ಚೀನಾದ ಯುನ್ನಾನ್ ಪ್ರಾಂತದಲ್ಲಿ 1998 ಮತ್ತು 1999ರಲ್ಲಿ ಸಾವಿರಾರು ಹೆಕ್ಟೇರಿನಲ್ಲಿ ಒಂದು ಪ್ರಯೋಗ ಮಾಡಿದರು. ರೋಗ ಬೇಗ ತಗುಲುವ ಅಂಟು ಅಕ್ಕಿಯ ಭತ್ತವನ್ನು ರೋಗ ತಡೆಯುವ ಹೈಬ್ರಿಡ್ ಸಾಲುಗಳ ನಡುವೆ ನೆಟ್ಟರು. ಅಂಟು ಅಕ್ಕಿಯಲ್ಲಿ ಬೆಂಕಿ ರೋಗ 94%ರಷ್ಟು ಕಡಿಮೆಯಾಯಿತು. ಅದನ್ನೊಂದನ್ನೇ ಬೆಳೆದಾಗಿನದಕ್ಕಿಂತ ಇಳುವರಿ 89% ಜಾಸ್ತಿ ಬಂತು. ಔಷಧಿ ಹೊಡೆಯುವುದನ್ನೇ ಅಲ್ಲಿಯವರು ಬಿಟ್ಟರು. ಜಪಾನಿನ ನಿಗಾಟದಲ್ಲಿ ಇನ್ನೂ ಜಾಣ ದಾರಿ ಹಿಡಿದಿದ್ದಾರೆ. ಕೊಶಿಹಿಕರಿ ಎಂಬ ಒಂದೇ ರುಚಿಯ ಅಕ್ಕಿ, ಆದರೆ ಒಳಗೆ ಬೇರೆ ಬೇರೆ ತಡೆಯ ಜೀನು ಇರುವ ಹಲವು ಸೋದರ ತಳಿಗಳನ್ನು ಬೆರೆಸಿದ ಬೀಜವನ್ನು 2005ರಿಂದ ರೈತರಿಗೆ ಕೊಡುತ್ತಾರೆ. ತಿನ್ನುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಶಿಲೀಂಧ್ರಕ್ಕೆ ಮಾತ್ರ ಪಕ್ಕದ ಗಿಡಕ್ಕೆ ಹೋದರೆ ಬೇರೆ ನಾಯಿ.

ನಮ್ಮಲ್ಲಿ ಸಾಲು ಸಾಲಾಗಿ ಬೆರೆಸುವುದು ನಡೆಯುವುದಿಲ್ಲ. ಕೊಯ್ಲಿಗೆ ಬರುವುದು ಯಂತ್ರ, ಅದು ಸಾಲು ನೋಡಿ ಕೊಯ್ಯುವುದಿಲ್ಲ. ಕೆಂಪು, ಬಿಳಿ ಬೆರೆತರೆ ಮಿಲ್ಲಿನವರು ತೆಗೆದುಕೊಳ್ಳುವುದಿಲ್ಲ. ಆದರೆ ಗದ್ದೆಯಿಂದ ಗದ್ದೆಗೆ ಬದಲಾಯಿಸಬಹುದಲ್ವಾ? ಮೇಲಿನ ಗದ್ದೆಗೆ ಒಂದು, ಕೆಳಗಿನದಕ್ಕೆ ಇನ್ನೊಂದು, ಪಕ್ಕದ ಮನೆಯವರ ಜೊತೆ ಕೂತು ಮಾತಾಡಿ ಬೈಲಿನಲ್ಲಿ ಮೂರು ತಳಿ ಇರುವ ಹಾಗೆ ನೋಡಿಕೊಳ್ಳುವುದು. ಇಡೀ ಬೈಲು ಒಂದೇ ತಳಿ ಆದರೆ ಏನಾಗುತ್ತದೆ ಅಂತ ಅಮೆರಿಕದ ಮೆಕ್ಕೆಜೋಳದವರು 1970ರಲ್ಲಿ ನೋಡಿದ್ದಾರೆ. ಸುಮಾರು 85% ಜೋಳದ ಗಿಡಗಳ ಒಳಗೆ ಒಂದೇ ತಾಯಿ ಮೂಲದ ಗುಣ ಇತ್ತು. ಅದಕ್ಕೆ ಸರಿಹೊಂದುವ ಶಿಲೀಂಧ್ರ ಹುಟ್ಟಿ, ಒಂದೇ ವರ್ಷದಲ್ಲಿ ದೇಶದ ಬೆಳೆಯ 15%ರಷ್ಟು ಹೋಯಿತು. ಎಂ.ಒ.4 ನನಗೂ ಇಷ್ಟ. ಕುಟ್ಟನಾಡಿನ ಮೊಂಕೊಂಬಿನಿಂದ ಬಂದು ನಮ್ಮನ್ನು ಇಷ್ಟು ವರ್ಷ ಸಾಕಿದೆ. ಆದರೆ ಕಣ್ಣು ಹಾಯುವಷ್ಟು ದೂರ ಅದೊಂದೇ ಕಾಣುವಾಗ ನನಗೆ ಭಯ ಆಗುತ್ತದೆ.

ಹಳೆಯ ತಳಿಗಳ ಬಗ್ಗೆ ಎರಡು ಅತಿಯ ಮಾತು ಕೇಳುತ್ತೇವೆ. ನಾಟಿ ತಳಿಗೆ ರೋಗವೇ ಬರುವುದಿಲ್ಲ ಅನ್ನುವುದು ಒಂದು, ಅದರಿಂದ ಏನೂ ಪ್ರಯೋಜನ ಇಲ್ಲ ಅನ್ನುವುದು ಇನ್ನೊಂದು. ಎರಡೂ ಸರಿಯಲ್ಲ. ಟೆಟೆಪ್, ಒವಾರಿಹತ, ಇಥಿಯೋಪಿಯಾದ ಬಾರ್ಲಿ, ಇವೆಲ್ಲ ಯಾರೋ ರೈತರು ಬಿಡದೆ ಬಿತ್ತಿದ್ದಕ್ಕೆ ಉಳಿದದ್ದು. ನಮ್ಮ ಪಕ್ಕದ ಕಾಸರಗೋಡಿನ ಸತ್ಯನಾರಾಯಣ ಬೇಲೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿ 2024ರಲ್ಲಿ ಪದ್ಮಶ್ರೀ ಪಡೆದರು. ಆ ರಾಶಿಯಲ್ಲಿ ನಾಳೆಗೆ ಬೇಕಾದ ಜೀನು ಇರಬಹುದು. ಹಾಗಂತ ಯಾವುದೋ ಒಂದು ಹಳೆಯ ತಳಿಯನ್ನು ಕಣ್ಣು ಮುಚ್ಚಿ ಎರಡು ಎಕರೆಗೆ ಹಾಕಬೇಡಿ. ಮೊದಲು ಒಂದು ಸಣ್ಣ ಗದ್ದೆಯಲ್ಲಿ ನೋಡಿ.

ಔಷಧಿ ಇದೆಯಲ್ಲ, ತಳಿಯ ಚಿಂತೆ ಯಾಕೆ?

ಟ್ರೈಸೈಕ್ಲಜೋಲ್ ಶಿಲೀಂಧ್ರದ ಮೆಲನಿನ್ ಕಟ್ಟಲು ಬಿಡುವುದಿಲ್ಲ. ಬಣ್ಣ ಇಲ್ಲದಿದ್ದರೆ ಆ ಕೋಶ ಒತ್ತಡ ಹಿಡಿಯುವುದಿಲ್ಲ, ಮೊಳೆ ತೂರುವುದಿಲ್ಲ. ಅಂದರೆ ಒಳಗೆ ಹೋಗುವ ಮೊದಲು ಹೊಡೆದರೆ ಮಾತ್ರ ಇದರ ಪೂರ್ತಿ ಉಪಯೋಗ. ತೆನೆ ಬೆಳ್ಳಗಾದ ಮೇಲೆ ಹೊಡೆಯುವುದು ದುಡ್ಡು ಹೊಳೆಗೆ ಹಾಕಿದ ಹಾಗೆ. ಶಿಫಾರಸು ಲೀಟರ್ ನೀರಿಗೆ 75% ಪುಡಿ 0.6 ಗ್ರಾಂ. ಕುತ್ತಿಗೆ ರೋಗ ತಡೆಯಬೇಕಾದರೆ ಹೊಡೆ ಹಂತದಲ್ಲಿ, ತೆನೆ ಹೊರಡುವ ಮುಂಚೆ ಹೊಡೆಯಬೇಕು. ಆ ಹೊತ್ತಿಗೆ ನಮ್ಮಲ್ಲಿ ಮಳೆ. ಎರಡು ಗಂಟೆ ಬಿಸಿಲು ಸಿಗುತ್ತದೆ ಅಂತ ನಂಬಿ ಹೊಡೆದು ಮುಗಿಸುವಷ್ಟರಲ್ಲಿ ತೊಳೆದು ಹೋದದ್ದು ಎಷ್ಟು ಸಲವೋ. ಆಳು ಸಿಗುವುದೂ ಕಷ್ಟ. ಹಾಗಾಗಿ ಕರಾವಳಿಯವರಿಗೆ ಬೀಜದೊಳಗಿನ ತಡೆ ಬಯಲುಸೀಮೆಯವರಿಗಿಂತ ಜಾಸ್ತಿ ಮುಖ್ಯ.

ಜೀನು ತಿದ್ದಿದ ಭತ್ತ ಯಾವಾಗ ಬರುತ್ತದೆ ಅಂತ ಹುಡುಗರು ಕೇಳುತ್ತಾರೆ. ಹೊರಗಿನ ಜೀನು ಸೇರಿಸದೆ ಇರುವ ಜೀನನ್ನೇ ತಿದ್ದಿದ ಕೆಲವು ಬಗೆಯ ಗಿಡಗಳಿಗೆ 2022ರಲ್ಲಿ ಕೇಂದ್ರ ಸರಕಾರ ಕುಲಾಂತರಿ ನಿಯಮಗಳಿಂದ ವಿನಾಯಿತಿ ಕೊಟ್ಟಿತು. 2025ರ ಮೇಯಲ್ಲಿ ಕಮಲಾ ಮತ್ತು ಪೂಸಾ ಡಿಎಸ್‌ಟಿ-1 ಎಂಬ ಎರಡು ಭತ್ತ ಪ್ರಕಟವಾದವು. ಎರಡೂ ಬೆಂಕಿ ರೋಗಕ್ಕೆ ಮಾಡಿದ್ದಲ್ಲ. ಚೀನಾದಲ್ಲಿ 2016ರಲ್ಲೇ ಒಂದು ಜೀನನ್ನು ಕತ್ತರಿಸಿ ಬೆಂಕಿ ರೋಗ ಕಡಿಮೆ ಮಾಡಿ ತೋರಿಸಿದ್ದಾರೆ. ಈ ಏಣೇಲಿಗೆ ಬೀಜ ಆರಿಸುವವರಿಗೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ಯಾವ ಗದ್ದೆಗೆ ಯಾವುದು

ಬೈಲು ಗದ್ದೆ, ನೀರು ನಿಲ್ಲುವಂಥದ್ದು ಆದರೆ ನೆರೆ ತಾಳುವ ಗುಣವನ್ನೇ ಮೊದಲು ನೋಡಿ. ನೀರು ನಿಂತ ಗದ್ದೆಯಲ್ಲಿ ಬೆಂಕಿ ರೋಗದ ಕಾಟ ಬೆಟ್ಟಿನಷ್ಟು ಇರುವುದಿಲ್ಲ. ಬೆಟ್ಟು ಗದ್ದೆಯಲ್ಲಿ ಮಳೆ ಬಿಟ್ಟರೆ ಮಣ್ಣು ಒಣಗುತ್ತದೆ, ಒಣಗಿದಲ್ಲಿ ಈ ರೋಗ ಜೋರು. ಅಲ್ಲಿಗೆ ನಾನು ನಿಧಾನದ ತಡೆ ಇರುವ ತಳಿಯನ್ನೇ ಹೇಳುತ್ತೇನೆ, ಬೇಗ ಕೊಯ್ಲಿಗೆ ಬರುವಂಥದ್ದು. ಮಜಲಿನವರಿಗೆ ಆಯ್ಕೆ ಜಾಸ್ತಿ: ಎರಡು ಜೀನಿನ ತಳಿ ಸಿಕ್ಕಿದರೆ ಅರ್ಧಕ್ಕೆ ಅದು, ಉಳಿದರ್ಧಕ್ಕೆ ನಿಮಗೆ ರೂಢಿಯಾದದ್ದು. ಸುಗ್ಗಿ ಬೆಳೆಯವರು, ಅಂದರೆ ಏಣೇಲು ಕೊಯ್ದ ಮೇಲೆ ಎರಡನೇ ಬೆಳೆ ಹಾಕುವವರು, ಮಂಜನ್ನು ಮರೆಯಬೇಡಿ. ಮಳೆ ಇಲ್ಲದಿದ್ದರೂ ಬೆಳಗಿನ ಮಂಜಿಗೆ ಎಲೆ ಒದ್ದೆಯಾಗಿಯೇ ಇರುತ್ತದೆ.

ಬೀಜ ಕೇಳುವಾಗ ಅಂಕ ಕೇಳಿ. ಅಖಿಲ ಭಾರತ ಮಟ್ಟದಲ್ಲಿ ಭತ್ತದ ತಳಿಗಳನ್ನು ಪರೀಕ್ಷಿಸುವಾಗ ಬೆಂಕಿ ರೋಗಕ್ಕೆ 0ಯಿಂದ 9ರವರೆಗೆ ಅಂಕ ಕೊಡುತ್ತಾರೆ. ನಮ್ಮ ಹತ್ತಿರ ಕೊಡಗಿನ ಪೊನ್ನಂಪೇಟೆ ಈ ಪರೀಕ್ಷೆಗೆ ಹೆಸರಾದ ಜಾಗ, ಅಲ್ಲಿಯ ತಂಪಿಗೆ ರೋಗ ಹುಡುಕಿಕೊಂಡು ಬರುತ್ತದೆ. 0ಯಿಂದ 3 ಒಳ್ಳೆಯದು, 4 ಮತ್ತು 5 ಮಧ್ಯಮ, ಅದಕ್ಕಿಂತ ಮೇಲೆ ಹೋದರೆ ಬೇಡ. ಎಲೆಯ ಅಂಕ ಎಷ್ಟು, ಕುತ್ತಿಗೆಯ ಅಂಕ ಎಷ್ಟು ಅಂತ ಬೇರೆ ಬೇರೆಯಾಗಿ ಕೇಳಿ. ಎಲೆಗೆ 1 ಇದ್ದು ಕುತ್ತಿಗೆಗೆ 7 ಇರುವ ತಳಿಗಿಂತ ಎರಡರಲ್ಲೂ 4 ಇರುವುದು ಎಷ್ಟೋ ಮೇಲು. ಎಷ್ಟು ವರ್ಷದಿಂದ, ಎಷ್ಟು ಊರಿನಲ್ಲಿ ಬೆಳೆಯುತ್ತಿದ್ದಾರೆ ಅಂತಲೂ ಕೇಳಿ. ಚೀಲದ ನೀಲಿ ಚೀಟಿ ನೋಡಿ ಸಮಾಧಾನ ಪಡಬೇಡಿ. ನೀಲಿ ಚೀಟಿ ಅಂದರೆ ಪ್ರಮಾಣಿತ ಬೀಜ. ತಳಿ ಶುದ್ಧ ಇದೆ, ಮೊಳಕೆ ಬರುತ್ತದೆ ಅಂತ ಅರ್ಥ, ರೋಗ ತಡೆಯುತ್ತದೆ ಅಂತಲ್ಲ.

ಯಾವ ತಳಿ ತಂದರೂ ಯೂರಿಯಾ ಒಂದೇ ಸಲ ಸುರಿಯಬೇಡಿ, ಮೂರು ಕಂತು ಮಾಡಿ. ಮಿಲ್ಲಿನ ಉಮಿ ಬೂದಿ ಸಿಕ್ಕಿದರೆ ಗದ್ದೆಗೆ ಹಾಕಿ. ಅದರಲ್ಲಿರುವ ಸಿಲಿಕಾ ಎಲೆಯನ್ನು ಗಟ್ಟಿ ಮಾಡುತ್ತದೆ, ಶಿಲೀಂಧ್ರದ ಮೊಳೆ ತೂರುವುದು ಕಷ್ಟವಾಗುತ್ತದೆ.

ಈ ವರ್ಷ ನಮ್ಮ ಮನೆಯಲ್ಲಿ ಮಜಲಿನ ಮೂರು ಗದ್ದೆಗೆ ಮೂರು ತಳಿ ಅಂತ ಮಾತಾಗಿದೆ. ಪಕ್ಕದ ದೊಡ್ಡಪ್ಪನೂ ಒಂದು ಗದ್ದೆಯಲ್ಲಿ ಬೇರೆ ತಳಿ ಹಾಕಲು ಒಪ್ಪಿದ್ದಾರೆ. ಹೊಡೆ ಹಂತದಿಂದ ಕೊಯ್ಲಿನವರೆಗೆ ವಾರಕ್ಕೊಮ್ಮೆ ಒಂದೊಂದು ಗದ್ದೆಯಲ್ಲೂ ನೂರು ತೆನೆ ಎಣಿಸಿ, ಕುತ್ತಿಗೆ ಕಪ್ಪಾದದ್ದು ಎಷ್ಟು ಅಂತ ಅಪ್ಪ ಬರೆದಿಡುತ್ತಾರೆ. ನೀವೂ ಹಾಗೆ ಎಣಿಸಿ ಬರೆದಿಟ್ಟರೆ ಕೊಯ್ಲು ಮುಗಿದ ಮೇಲೆ ಲೆಕ್ಕ ಒಟ್ಟಿಗೆ ಇಟ್ಟು ನೋಡೋಣ.